ರಂಗೋಲಿಯ ಕೆರೆ, ಹುಣಸೆಬೀಜದ ಮಳೆ

ಕೋಲಾರದ ಬಸ್ಸು ಹೊಸಕೋಟೆ ದಾಟಿ ನರಸಾಪುರದ ಕಾರ್ಖಾನೆಗಳ ಸಾಲನ್ನು ಹಿಂದೆ ಹಾಕುವಷ್ಟರಲ್ಲಿ ಕಿಟಕಿಯಾಚೆ ಒಂದು ಕೆರೆ ಕಂಡಿತು. ಮಳೆಯಿಲ್ಲದ ದಿನಗಳಲ್ಲೂ ತುಂಬಿತ್ತು. ಪಕ್ಕದಲ್ಲಿ ಕೂತಿದ್ದ ರೈತರು ನನ್ನ ಮುಖ ನೋಡಿ, ಕೇಳದೆಯೇ ಉತ್ತರ ಕೊಟ್ಟರು: "ನಿಮ್ಮ ಬೆಂಗಳೂರಿಂದೇ ಸಾರ್ ಈ ನೀರು. ನೀವು ಬಿಟ್ಟಿದ್ದು, ನಾವು ತುಂಬಿಸ್ಕೊಂಡಿದ್ದು."

ಕೆ.ಸಿ. ವ್ಯಾಲಿಯ ನೀರದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ಮುಖ್ಯವಾಗಿ ಕೋಲಾರ ಜಿಲ್ಲೆಯ 126 ಕೆರೆಗಳಿಗೆ ಹರಿಸುವುದು ಯೋಜನೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮರುತಿಂಗಳೇ ನೊರೆಯೂ ಬಂತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈಗ ನೀರು ಹರಿಯುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಶಾಶ್ವತ ನೀರಾವರಿ ಹೋರಾಟಗಾರರ ಕೂಗೂ ನಿಂತಿಲ್ಲ. ಬಸ್ಸಿನ ರೈತರ ತೀರ್ಪು ಮಾತ್ರ ಸರಳ: "ಬೋರಲ್ಲಿ ನೀರು ಮೇಲೆ ಬಂತು. ಕುಡಿಯಾಕೆ ಕ್ಯಾನ್ ನೀರೇ."

ನಾನು ಹೊರಟಿದ್ದು ವಿದ್ಯಾರ್ಥಿಗಳನ್ನು ನೋಡಲು. ಕೃಷಿ, ತೋಟಗಾರಿಕೆ ಪದವಿಯ ಕೊನೆಯ ವರ್ಷದಲ್ಲಿ ಹುಡುಗ ಹುಡುಗಿಯರು ಒಂದು ಸೆಮಿಸ್ಟರಿನ ಬಹುಪಾಲನ್ನು ಹಳ್ಳಿಯಲ್ಲೇ ಕಳೆಯಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಅದರ ಹೆಸರು. ರಾಂಧವಾ ಸಮಿತಿ 1992ರಲ್ಲಿ ಇದನ್ನು ದೇಶದ ಎಲ್ಲ ಕೃಷಿ ಕಾಲೇಜುಗಳಿಗೆ ಶಿಫಾರಸು ಮಾಡಿತ್ತು. 2015ರಿಂದ 'ಸ್ಟೂಡೆಂಟ್ ರೆಡಿ' ಎಂಬ ಹೊಸ ಹೆಸರಿನಡಿ ಸೇರಿದೆ. ಹೆಸರಿನಲ್ಲೆಲ್ಲೂ ಹವಾಮಾನ ಬದಲಾವಣೆ ಇಲ್ಲ. ಆದರೆ ಕೋಲಾರ ಜಿಲ್ಲೆಯ ಯಾವುದೇ ಹಳ್ಳಿಯಲ್ಲಿ ಮೂರು ತಿಂಗಳು ಕೂತು ರೈತರ ಮಾತು ಕೇಳಿದರೆ ಬೇರೆ ಯಾವ ವಿಷಯವೂ ಉಳಿಯುವುದಿಲ್ಲ.

ಕೋಲಾರ ಪಟ್ಟಣದ ಪಕ್ಕದ ಟಮಕದಲ್ಲಿ ತೋಟಗಾರಿಕಾ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಲ್ಲವೂ ಇವೆ. ನದಿಯಿಲ್ಲದ ಜಿಲ್ಲೆಗೆ ವಿದ್ಯೆಗೇನೂ ಬರವಿಲ್ಲ. ನದಿಯಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ನಕ್ಷೆಯಲ್ಲಿ ಪಾಲಾರ್ ಇದೆ, ಮಾಲೂರಿನ ಅಂಚಿನಲ್ಲಿ ದಕ್ಷಿಣ ಪಿನಾಕಿನಿ ಇದೆ. ಇದ್ದೂ ವರ್ಷದ ಹೆಚ್ಚಿನ ದಿನ ಮರಳು. ಅದಕ್ಕೇ ಹಿಂದಿನವರು ಇಳಿಜಾರು ಕಂಡಲ್ಲೆಲ್ಲ ಏರಿ ಕಟ್ಟಿ ಕೆರೆ ಮಾಡಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚೆ ಈ ಒಂದೇ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ಹರಿದರೆ ಇನ್ನೊಂದು ತುಂಬುವ ಸರಪಳಿ. ತೂಬು ಎತ್ತಲು ಊರಿಗೊಬ್ಬ ನೀರಗಂಟಿ. ಎಷ್ಟು ನೀರಿದೆ, ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವನ ತಲೆಯಲ್ಲಿ. ಬೋರು ಬಂತು, ನೀರಗಂಟಿ ಕೂಲಿಗೆ ಹೋದ.

ಶ್ರೀನಿವಾಸಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಮಾವು. ರಾಜ್ಯದ ಮಾವಿನಲ್ಲಿ ದೊಡ್ಡ ಪಾಲು ಈ ಜಿಲ್ಲೆಯದು, ಜಿಲ್ಲೆಯಲ್ಲಿ ದೊಡ್ಡ ಪಾಲು ಈ ತಾಲ್ಲೂಕಿನದು. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ ಎಲ್ಲ ಇದ್ದರೂ ದುಡ್ಡಿನ ಲೆಕ್ಕದಲ್ಲಿ ತೋತಾಪುರಿಯದೇ ರಾಜ್ಯಭಾರ. ಅದು ತಿನ್ನುವ ಹಣ್ಣಿಗಿಂತ ರಸದ ಕಾರ್ಖಾನೆಯ ಹಣ್ಣು.

ನಾನು ಇಳಿದ ಹಳ್ಳಿಯಲ್ಲಿ ವಿದ್ಯಾರ್ಥಿಗಳ ತಂಡ ಹಾಲಿನ ಡೈರಿಯ ಮೇಲಿನ ಕೋಣೆಗಳಲ್ಲಿ ಬಿಡಾರ ಹೂಡಿತ್ತು. ಅರ್ಧಕ್ಕರ್ಧ ಉತ್ತರ ಕರ್ನಾಟಕದವರು. ಈ ಸೀಮೆಯಲ್ಲಿ ಮನೆಮಾತು ಬಹುಪಾಲು ತೆಲುಗು. ವಿಜಯಪುರದ ಹುಡುಗನೊಬ್ಬ, "ಮೊದಲ ವಾರ ಇವ್ರು ಬೈತಾರೋ ಹೊಗಳ್ತಾರೋ ತಿಳೀಲೇ ಇಲ್ರಿ ಸರ್" ಎಂದ. ಆಮೇಲೆ ತಿಳಿಯಿತಂತೆ. ಎರಡೂ ಆಗುತ್ತಿತ್ತು.

ಆ ಬೆಳಿಗ್ಗೆ ಅವರು ಶಾಲೆಯ ಅಂಗಳದಲ್ಲಿ ಊರಿನ ನಕ್ಷೆ ಬಿಡಿಸುತ್ತಿದ್ದರು. ಗ್ರಾಮೀಣ ಸಹಭಾಗಿ ಸಮೀಕ್ಷೆ ಎಂದು ಪಠ್ಯದ ಹೆಸರು. ಕಾಗದ ಇಲ್ಲ, ನೆಲವೇ ಹಾಳೆ. ಬಿಳಿ ರಂಗೋಲಿಯಲ್ಲಿ ಬೀದಿಗಳು, ಕೆಂಪು ಪುಡಿಯಲ್ಲಿ ಮನೆಗಳು, ಮಾವಿನ ತೋಪಿಗೆ ನಿಜವಾದ ಮಾವಿನ ಎಲೆ, ಕೆರೆಗೆ ನೀಲಿ ಪುಡಿ. ಬೋರಿಗೆ ಪೊರಕೆಕಡ್ಡಿ ನೆಟ್ಟಿದ್ದರು. ಊರವರು ಸುತ್ತ ನಿಂತು ನೋಡುತ್ತಿದ್ದರು. ಮೊದಲು ಮಕ್ಕಳು ಒಳಗೆ ನುಗ್ಗಿದವು, ತಮ್ಮ ಮನೆ ಎಲ್ಲಿ ಎಂದು. ಆಮೇಲೆ ಒಬ್ಬರು ಬಂದು ಒಂದು ಕಡ್ಡಿಯನ್ನು ಕಿತ್ತು, ಮುರಿದು, ನೆಲಕ್ಕೆ ಅಡ್ಡ ಮಲಗಿಸಿದರು. "ಇದು ನಮ್ದು. ಹೋಗಿ ಮೂರು ವರ್ಷ ಆಯ್ತು." ಇನ್ನೊಬ್ಬರು ಬಗ್ಗಿದರು, ಮತ್ತೊಬ್ಬರು ಬಗ್ಗಿದರು. ಸ್ವಲ್ಪ ಹೊತ್ತಿನಲ್ಲಿ ನಿಂತ ಕಡ್ಡಿಗಿಂತ ಮಲಗಿದ ಕಡ್ಡಿಗಳೇ ಹೆಚ್ಚಾದವು. ಸಾವಿರ ಅಡಿ, ಸಾವಿರದ ಇನ್ನೂರು, ಸಾವಿರದ ಐನೂರು ಎಂದು ಆಳ ಹೇಳುತ್ತಾ ಹೋದರು. ಹುಡುಗಿಯೊಬ್ಬಳು ಬರೆದುಕೊಳ್ಳುತ್ತಿದ್ದಳು. ತರಗತಿಯಲ್ಲಿ ಅಂತರ್ಜಲ ಕುಸಿತದ ಗ್ರಾಫನ್ನು ಅವಳು ನೂರು ಸಲ ನೋಡಿರಬಹುದು. ಪ್ರತಿ ಕಡ್ಡಿಗೂ ಒಂದು ಸಾಲ ಅಂಟಿಕೊಂಡಿರುವುದನ್ನು ಅವಳ ಪುಸ್ತಕ ಹೇಳಿರಲಾರದು.

ಅಷ್ಟರಲ್ಲಿ ವಯಸ್ಸಾದವರೊಬ್ಬರು ಕೋಲೂರಿಕೊಂಡು ಬಂದು ನೀಲಿ ಪುಡಿಯ ಕೆರೆಯ ಮುಂದೆ ನಿಂತರು.

"ಏನಪ್ಪ, ಕೆರೆ ಮಾಡಿದ್ದೀರಲ್ಲ, ನೀರು ಎಲ್ಲಿಂದ ಬತ್ತದೆ?"

"ಮಳೆ ನೀರು ತಾತ."

"ಮಳೆ ಕೆರೆ ಮೇಲೆ ಹುಯ್ಯೋದಷ್ಟೇನಾ?" ಎಂದವರೇ ಕೋಲಿನ ತುದಿಯಿಂದ ಗೀರು ಎಳೆಯುತ್ತಾ ಹೋದರು. ಗುಡ್ಡದಿಂದ ಹೊರಟ ಗೀರು ಎರಡು ತೋಪುಗಳ ಎಲೆಯನ್ನು ಸರಿಸಿ, ಒಂದು ಬಡಾವಣೆಯ ಕೆಂಪು ಮನೆಗಳನ್ನು ಸೀಳಿ ಕೆರೆ ಸೇರಿತು. ರಾಜಕಾಲುವೆ. ಈಗ ಅದರ ಮೇಲೆ ಮಾವಿದೆ, ಮನೆಯಿದೆ. ವಿದ್ಯಾರ್ಥಿಗಳು ಮೊಬೈಲಿನ ಉಪಗ್ರಹ ಚಿತ್ರ ನೋಡಿ ಕೆರೆ ಬಿಡಿಸಿದ್ದರು; ಆ ಚಿತ್ರದಲ್ಲಿ ಕಾಲುವೆ ಇರಲಿಲ್ಲ. ಸುತ್ತ ನಿಂತವರಲ್ಲಿ ಇಬ್ಬರು ಮೆಲ್ಲಗೆ ಹಿಂದೆ ಸರಿದರು. ಯಾರ ತೋಪು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಜೊತೆಗಿದ್ದ ಮೇಷ್ಟ್ರು ನನ್ನ ಕಿವಿಯಲ್ಲಿ, "ಇದನ್ನ ಸಿಲಬಸ್ಸಲ್ಲಿ ಹಾಕಕ್ಕಾಗಲ್ಲ ನೋಡಿ" ಎಂದರು.

ಮಧ್ಯಾಹ್ನ ಹೆಂಗಸರ ಸರದಿ. ಸಂಘದ ಕೋಣೆಯಲ್ಲಿ ಚಾಪೆ ಹಾಸಿ, ಹನ್ನೆರಡು ಚೌಕ ಬರೆದು, ಒಂದು ಮೊರ ಹುಣಸೆಬೀಜ ಇಟ್ಟಿದ್ದರು. ಯಾವ ತಿಂಗಳಲ್ಲಿ ಮಳೆ ಎಷ್ಟೋ ಆ ಚೌಕಕ್ಕೆ ಅಷ್ಟು ಬೀಜ ಹಾಕಬೇಕು. ಮೊದಲು ತಾವು ಮದುವೆಯಾಗಿ ಬಂದ ಕಾಲದ ಮಳೆ, ಆಮೇಲೆ ಈಗಿನ ಮಳೆ. ಹುಡುಗಿ ಜೂನ್ ಎಂದು ಶುರು ಮಾಡಿದಳು. ಅಜ್ಜಿಯೊಬ್ಬರು ಕೈಯಲ್ಲಿ ಬೀಜ ಹಿಡಿದು ಹಾಗೇ ಕೂತರು. "ಜೂನ್ ಅಂದ್ರೆ ಯಾವ ಮಳೆನಮ್ಮ? ಮೃಗಶಿರವಾ, ಆರಿದ್ರವಾ?" ಗೋಡೆಯ ಕ್ಯಾಲೆಂಡರ್ ಕೆಳಗಿಳಿಯಿತು. ಚೌಕಗಳನ್ನು ಅಳಿಸಿ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೊಸದಾಗಿ ಬರೆದರು. ಆಮೇಲೆ ಕೆಲಸ ಸರಾಗ ಸಾಗಿತು.

ಕೋಲಾರಕ್ಕೆ ಮೊದಲಿನಿಂದಲೂ ಸೆಪ್ಟೆಂಬರ್, ಅಕ್ಟೋಬರಿನದೇ ದೊಡ್ಡ ಮಳೆ. ವರ್ಷಕ್ಕೆ ಬೀಳುವುದು ಸುಮಾರು 700ರಿಂದ 750 ಮಿಲಿಮೀಟರ್. ಹೆಂಗಸರ ಹಳೆಯ ಸಾಲಿನಲ್ಲೂ ಹುಬ್ಬೆ, ಉತ್ತರೆ, ಹಸ್ತದ ಚೌಕಗಳಲ್ಲಿ ಬೀಜ ಹೆಚ್ಚಿದ್ದವು, ಆದರೆ ಆರಿದ್ರಾ ಪುನರ್ವಸುಗಳಲ್ಲೂ ಒಂದೊಂದು ಹಿಡಿ ಇತ್ತು. ಹೊಸ ಸಾಲಿನಲ್ಲಿ ಆ ಹಿಡಿ ಕರಗಿತ್ತು. ಬದಲಿಗೆ ವಿಶಾಖೆ, ಅನೂರಾಧೆಯ ಚೌಕದಲ್ಲಿ ರಾಶಿ. ಯಾಕಮ್ಮ ಎಂದು ಕೇಳಿದರೆ ಎಲ್ಲರ ಬಾಯಲ್ಲೂ 2021ರ ನವೆಂಬರ್. ಆ ತಿಂಗಳ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು, ಬೇತಮಂಗಲದ ಕೆರೆ ತುಂಬಿ ಪಾಲಾರ್ ಹರಿಯಿತು, ಜನ ಪೂಜೆ ಮಾಡಿ ಬಾಗಿನ ಬಿಟ್ಟರು. ಅದೇ ಮಳೆಗೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳೆಯಿತು. ಎರಡು ವರ್ಷ ಕಳೆದು 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. "ಹುಯ್ದರೆ ಹಂಗೆ, ಇಲ್ಲಾಂದ್ರೆ ಹಿಂಗೆ. ನಡೂಮಧ್ಯದ ಮಳೆನೇ ಹೋಯ್ತು" ಎಂದರು ಅಜ್ಜಿ. ಹವಾಮಾನ ವಿಜ್ಞಾನಿಗಳು ಹೇಳುವುದೂ ಇದನ್ನೇ, ಇಷ್ಟು ಚಿಕ್ಕದಾಗಿ ಹೇಳುವುದಿಲ್ಲ ಅಷ್ಟೆ.

ಬೀಜದ ಲೆಕ್ಕ ನೆನಪಿನ ಲೆಕ್ಕ, ನಂಬುವುದು ಹೇಗೆ? ವಿದ್ಯಾರ್ಥಿಗಳು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದೆ. ಕರ್ನಾಟಕ ಈ ವಿಷಯದಲ್ಲಿ ಇತರ ರಾಜ್ಯಗಳಿಗಿಂತ ಮುಂದು. ಆ ಅಂಕಿಗಳನ್ನು ತಂದು ಹುಣಸೆಬೀಜದ ಪಕ್ಕ ಇಟ್ಟು ನೋಡುತ್ತಿದ್ದರು. ಹೊಂದಿಕೆಯಾದಲ್ಲಿ ಸರಿ, ಆಗದಿದ್ದಲ್ಲಿ ಮತ್ತೆ ಹೋಗಿ ಕೇಳಬೇಕು. ಒಂದು ಕಡೆ ಮಾಪಕ ಒಳ್ಳೆಯ ಮಳೆ ಎಂದಿತ್ತು, ಹೆಂಗಸರು ಮಳೆಯೇ ಇಲ್ಲ ಎಂದಿದ್ದರು. ಕೇಳಿದರೆ, ಇಡೀ ತಿಂಗಳ ಮಳೆ ಎರಡು ರಾತ್ರಿಯಲ್ಲಿ ಸುರಿದು ಹೋಗಿತ್ತು. ಬಿತ್ತನೆಗೆ ದಕ್ಕದ ಮಳೆ ಅವರ ಲೆಕ್ಕದಲ್ಲಿ ಮಳೆಯಲ್ಲ. ಈ ಒಂದು ಸಂಗತಿಗೆ ಆ ಹುಡುಗಿಗೆ ಪೂರ್ತಿ ಅಂಕ ಕೊಡಬೇಕೆಂದು ನನಗನಿಸಿತು.

ಮಾವಿಗೂ ಇದೇ ಕಥೆ. ನವೆಂಬರ್, ಡಿಸೆಂಬರಿನಲ್ಲಿ ನೆಲ ಒಣಗಿ ಚಳಿ ಕಚ್ಚಿದರೆ ಮರ ಹೂ ಬಿಡುತ್ತದೆ. ಆಗ ಮಳೆ ಹುಯ್ದರೆ ಹೂವಿನ ಜಾಗದಲ್ಲಿ ಚಿಗುರು. ತಡವಾಗಿ ಬಂದ ಹೂವಿಗೆ ಬೂದಿ ರೋಗ, ಜಿಗಿಹುಳು. ಉಳಿದ ಪಿಂದೆಗೆ ಮಾರ್ಚಿನ ಬಿಸಿಲು. ಹೊಗಳಗೆರೆಯ ಮಾವು ಕೇಂದ್ರದಲ್ಲಿ ಸವರುವಿಕೆ, ಒತ್ತುಗಿಡ, ಔಷಧಿ ಸಿಂಪಡಿಸುವ ಹೊತ್ತು ಎಲ್ಲ ಕಲಿಸುತ್ತಾರೆ. ಒಳ್ಳೆಯ ಕಲಿಕೆಯೇ. ಆದರೆ 2025ರಲ್ಲಿ ಏನಾಯಿತು? ಫಸಲು ಬಂತು, ಬೆಲೆ ಬಿತ್ತು, ಪಕ್ಕದ ಚಿತ್ತೂರು ಜಿಲ್ಲೆ ನಮ್ಮ ತೋತಾಪುರಿ ಒಳಗೆ ಬರದಂತೆ ಗಡಿಯಲ್ಲಿ ತಡೆಯಿತು. ಶ್ರೀನಿವಾಸಪುರ ಬಂದ್ ಆಯಿತು, ರೈತರು ರಸ್ತೆಗೆ ಹಣ್ಣು ಸುರಿದರು, ಮುಖ್ಯಮಂತ್ರಿಗಳು ಆಂಧ್ರಕ್ಕೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಕಟ್ಟಿ ಎರಡೂವರೆ ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಹವಾಮಾನಕ್ಕೆ ಹೊಂದಿಕೊಳ್ಳಲು ಕಲಿಸುವವರು ಮಂಡಿಯನ್ನು ಪಾಠದಿಂದ ಹೊರಗಿಟ್ಟರೆ ರೈತ ಕೇಳುವುದಿಲ್ಲ. ಅವನಿಗೆ ಆಕಾಶವೂ ಮಂಡಿಯೂ ಒಂದಾದ ಮೇಲೊಂದು ಕೈಕೊಟ್ಟದ್ದು ಗೊತ್ತಿದೆ.

ಮುಳಬಾಗಿಲಿಗೆ ಬಂದಾಗ ಹೊತ್ತೇರಿತ್ತು. ಡಿ.ವಿ.ಜಿ. 1887ರಲ್ಲಿ ಹುಟ್ಟಿದ ಊರಿದು ಎಂಬುದು ನೆನಪಾಗುವ ಮೊದಲು ಹೊಟ್ಟೆಗೆ ದೋಸೆ ನೆನಪಾಯಿತು. ಕೆಂಪಗೆ ಗರಿಗರಿಯಾದ, ಒಳಗೆ ಮೆತ್ತಗಿನ ಮುಳಬಾಗಿಲು ದೋಸೆ ಈಗ ಬೆಂಗಳೂರಿನ ಬೀದಿಬೀದಿಯಲ್ಲಿದೆ, ಆದರೂ ಇಲ್ಲಿ ತಿಂದದ್ದೇ ಬೇರೆ. ಈ ಮಾತಿಗೆ ಪುರಾವೆ ಕೇಳಬೇಡಿ.

ಈ ತಾಲ್ಲೂಕಿನಲ್ಲಿ ವಿದ್ಯಾರ್ಥಿಗಳು ರಾಗಿ ಹಿಡಿದಿದ್ದರು. ಅವರ ಕೈಯಲ್ಲಿ ಬದಲಿ ಬೆಳೆ ಯೋಜನೆಯ ಹಾಳೆ: ಮಳೆ ಹೊತ್ತಿಗೆ ಬಂದರೆ ದೀರ್ಘಾವಧಿಯ ಎಂ.ಆರ್.-6, ತಡವಾದರೆ ಜಿ.ಪಿ.ಯು.-28 ಅಥವಾ ಎಂ.ಎಲ್.-365, ಆಗಸ್ಟ್ ಕೊನೆಗೆ ಜಾರಿದರೆ ಅಲ್ಪಾವಧಿಯ ಜಿ.ಪಿ.ಯು.-48. 'ರಾಗಿ ಲಕ್ಷ್ಮಣಯ್ಯ'ನವರ ಇಂಡಾಫ್ ತಳಿಗಳಿಂದ ಮೊದಲುಗೊಂಡು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ದೊಡ್ಡ ಕೊಡುಗೆ ಇದು. ಹೊಂದಾಣಿಕೆ ಎಂಬ ಮಾತು ಚಾಲ್ತಿಗೆ ಬರುವ ಮುಂಚೆಯೇ ಆದ ಕೆಲಸ. ಹೊಲದ ಯಜಮಾನರು ಹಾಳೆಯನ್ನು ಮರ್ಯಾದೆಯಿಂದ ನೋಡಿ ಜೇಬಿಗಿಟ್ಟುಕೊಂಡರು. ಆಮೇಲೆ ತಮ್ಮ ಹೊಲ ತೋರಿಸಿದರು. ರಾಗಿಯ ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಂಚಿಗೆ ಸಾಸಿವೆ. "ರಾಗಿ ಹೋದ್ರೆ ಅವರೆ ಆಯ್ತದೆ. ಅವರೆ ಹೋದ್ರೆ ತೊಗರಿ ಆಯ್ತದೆ. ಎಲ್ಲಾ ಹೋದ್ರೆ ದನಕ್ಕೆ ಮೇವಾಯ್ತದೆ. ನಿಮ್ಮ ಹಾಳೇಲಿ ಅಕ್ಕಡಿ ಯಾಕಿಲ್ಲ ಮಗ?" ಹುಡುಗ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಅಕ್ಕಡಿ ಎಂದು ಬರೆದುಕೊಂಡ. ಕಾಲೇಜಿನಿಂದ ತಂದ ಹಾಳೆಯಷ್ಟೇ ಬೆಲೆ ಈ ಹಿಂಬದಿಗೂ ಇದೆ. ಇದು ರೈತ ಎಲ್ಲವನ್ನೂ ಬಲ್ಲ ಎಂಬ ಭಜನೆಯೇನಲ್ಲ. ಎಲೆ ಮುದುಡಿದ ಟೊಮೆಟೊಗೆ ಅಂಗಡಿಯವನು ಕೊಟ್ಟ ಮೂರು ನಮೂನೆ ಔಷಧಿ ಬೆರೆಸಿ ಹೊಡೆಯುತ್ತಿದ್ದವರೂ ಅದೇ ಊರಿನಲ್ಲಿದ್ದರು. ರೋಗ ಹರಡುವುದು ಬಿಳಿನೊಣ ಎಂದು ಗಿಡದ ಎಲೆ ಮಗುಚಿ ತೋರಿಸಿದ್ದು ಈ ಹುಡುಗರೇ.

ಅಲ್ಲೇ ಒಂದು ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಮ್ಮಟ ಕಂಡಿತು. ಕೋಲಾರದ ಎಸ್.ಕೆ.ಜಿ. ಸಂಘ ಈ ಜಿಲ್ಲೆಯಲ್ಲಿ ಇಂಥವನ್ನು ಬಹಳ ಕಟ್ಟಿಸಿದೆ. ಗ್ಯಾಸಿನ ಜೊತೆ ಎರೆಗೊಬ್ಬರ ಸೇರಿಸಿದ ಕೆಲಸಕ್ಕೆ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಕ್ಯೋಟೋ ಒಪ್ಪಂದದ ಇಂಗಾಲದ ಲೆಕ್ಕದಲ್ಲಿ ಇಲ್ಲಿ ಉಳಿದ ಸೌದೆ, ಸೀಮೆಎಣ್ಣೆಗೆ ಹೊರದೇಶದ ಮಾರುಕಟ್ಟೆಯಲ್ಲಿ ಬೆಲೆ ಇತ್ತು ಎಂಬುದು ನನಗೆ ಇಂದಿಗೂ ವಿಚಿತ್ರವೇ. ಮನೆಯ ಯಜಮಾನಿಗೆ ಅದರ ಗೊಡವೆಯಿಲ್ಲ. "ಸೌದೆಗೆ ಹೋಗೋದು ತಪ್ತು, ಬಗ್ಗಡ ತೋಟಕ್ಕಾಯ್ತು" ಎಂದರು. ಎರಡು ಹಸು ಇರುವವರೆಗೆ ಒಲೆ ಉರಿಯುತ್ತದೆ. ಬರಕ್ಕೆ ಹಸು ಮಾರಿದ ಮನೆಯ ಗುಮ್ಮಟದಲ್ಲಿ ಈಗ ಹುಲ್ಲು. ಬರಗಾಲದ ಲೆಕ್ಕ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ವಿದ್ಯಾರ್ಥಿಗಳು ಬರೆದುಕೊಳ್ಳಬೇಕಾದದ್ದು ಇಂಥ ಕಡೆ.

ಮಾಲೂರು ಬೇರೆಯೇ ಲೋಕ. ಹಂಚು, ಇಟ್ಟಿಗೆ, ಗುಲಾಬಿ, ಕೈಗಾರಿಕಾ ಪ್ರದೇಶ. ಬೆಳಗಿನ ರೈಲಿಗೆ ಅರ್ಧ ಊರು ಬೆಂಗಳೂರಿಗೆ. ಇಲ್ಲಿ ನೋಡಬೇಕಾದದ್ದು ನೀಲಗಿರಿ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದ ಮರ. 1981ರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿಂದ ವಂದನಾ ಶಿವ, ಶರತ್ಚಂದ್ರ, ಬಂದ್ಯೋಪಾಧ್ಯಾಯ ಕೋಲಾರಕ್ಕೆ ಬಂದು ಇದರ ಮೇಲೆ ಅಧ್ಯಯನ ಮಾಡಿದರು. ರಾಗಿ ಹೋಗಿ ನೀಲಗಿರಿ ಬಂದಲ್ಲಿ ಊರಿನ ಕಾಳು, ಕೂಲಿ, ಮೇವು ಮೂರೂ ಕಡಿಮೆಯಾದವೆಂದು ಬರೆದರು. ಆ ವರದಿ ಕಪಾಟಿನಲ್ಲಿ ಉಳಿಯಲಿಲ್ಲ. ರೈತ ಚಳವಳಿ ಅದನ್ನು ಕೈಗೆತ್ತಿಕೊಂಡಿತು, ವಾದ ಮಾಡಲು ಅಂಕಿ ಸಿಕ್ಕಿತು. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಮೂವತ್ತಾರು ವರ್ಷ ತಡ, ನಿಜ. ಆದರೂ ಹೊರಗಿನಿಂದ ಬಂದವರ ಟಿಪ್ಪಣಿ ಊರಿನ ಕೈಗೆ ಸಿಕ್ಕರೆ ಏನಾದೀತು ಎಂಬುದಕ್ಕೆ ಈ ಜಿಲ್ಲೆಯಲ್ಲೇ ಸಾಕ್ಷಿಯಿದೆ.

ಹಾಗಾಗಿ ವಿದ್ಯಾರ್ಥಿಗಳನ್ನು ಕಂಡಲ್ಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಈ ಪುಸ್ತಕ ಆಮೇಲೆ ಎಲ್ಲಿಗೆ ಹೋಗುತ್ತದೆ? "ಡಿಪಾರ್ಟ್‌ಮೆಂಟಿಗೆ ಸಾರ್. ವೈವಾ ಆಗುತ್ತೆ, ಮಾರ್ಕ್ಸ್ ಬರುತ್ತೆ." ಊರಿಗೆ? "ಕೊನೇ ದಿನ ವಸ್ತು ಪ್ರದರ್ಶನ ಇಡ್ತೀವಲ್ಲ ಸಾರ್." ವಸ್ತು ಪ್ರದರ್ಶನದ ಮರುದಿನ ವಿದ್ಯಾರ್ಥಿಗಳು ಬಸ್ಸು ಹತ್ತುತ್ತಾರೆ. ಶಾಲೆಯ ಅಂಗಳದ ನಕ್ಷೆಯನ್ನು ಅದೇ ಸಂಜೆ ಮಕ್ಕಳ ಕಾಲು ಅಳಿಸಿರುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊ ವರದಿಯ ಅನುಬಂಧಕ್ಕೆ. ಮುಂದಿನ ವರ್ಷ ಇನ್ನೊಂದು ತಂಡ, ಬೇರೆ ಹಳ್ಳಿಗೆ. ಇಲ್ಲವೇ ಅದೇ ಹಳ್ಳಿಗೆ ಬಂದು ಅದೇ ಕಡ್ಡಿ ನೆಟ್ಟು ಅದೇ ಪ್ರಶ್ನೆ. ರಾಗಿ ಸಲಹೆ ಕೊಟ್ಟವರು ಆ ರಾಗಿಯ ಒಕ್ಕಣೆ ನೋಡುವಷ್ಟು ಹೊತ್ತು ಇರುವುದಿಲ್ಲ, ಮಾವಿನ ಔಷಧಿ ಹೇಳಿದವರು ಹಣ್ಣಿನ ಕಾಲಕ್ಕೆ ಬೇರೆಲ್ಲೋ ಕೆಲಸದಲ್ಲಿರುತ್ತಾರೆ. ತಾವು ಹೇಳಿದ್ದು ಫಲಿಸಿತೋ ಇಲ್ಲವೋ ತಿಳಿಯದೆಯೇ ಪದವಿ ಮುಗಿಯುತ್ತದೆ. ತರಬೇತಿಯ ದೊಡ್ಡ ಕೊರತೆ ಇದೇ ಎಂದು ನನ್ನ ತೀರ್ಮಾನ. ಮಿಕ್ಕಿದ್ದನ್ನೆಲ್ಲ ಆ ಹಳ್ಳಿಗಳು ತಾವೇ ಕಲಿಸುತ್ತಿವೆ.

ಪಶ್ಚಿಮಘಟ್ಟದ ನೀರನ್ನು ಇತ್ತ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಚಾಲನೆ ಸಿಕ್ಕಿತು. ಕೋಲಾರದವರು ಇನ್ನೂ ಕಾಯುತ್ತಿದ್ದಾರೆ. ಆ ನೀರು ಬಂದರೂ, ಅದು ನಿಲ್ಲಬೇಕಾದದ್ದು ಇದೇ ಕೆರೆಗಳಲ್ಲಿ, ಹರಿಯಬೇಕಾದದ್ದು ಆ ತಾತ ಕೋಲಿನಲ್ಲಿ ಗೀರಿದಂಥ ಕಾಲುವೆಗಳಲ್ಲಿ. ಅವು ಎಲ್ಲಿವೆ ಎಂದು ಬಲ್ಲವರು ಎಂಬತ್ತರ ಆಸುಪಾಸಿನವರು.

ನಮ್ಮ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ ಎರಡು ಬೇಡಿಕೆ. ಪ್ರತಿ ತಂಡದ ನಕ್ಷೆ, ಮಳೆಯ ಪಟ್ಟಿ, ಬೋರುಗಳ ಲೆಕ್ಕ ಇವಿಷ್ಟರ ಒಂದು ಕನ್ನಡ ಪ್ರತಿ ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಳಿಯಲಿ. ಅರಿವು ಕೇಂದ್ರ ಎಂದು ಅದಕ್ಕೆ ಹೆಸರಿಟ್ಟಾಗಿದೆ, ಒಳಗೆ ಊರಿನದೇ ಅರಿವೂ ಸ್ವಲ್ಪ ಇರಲಿ. ಮುಂದಿನ ವರ್ಷದ ತಂಡ ಅದೇ ಊರಿಗೆ ಹೋಗಿ, ಆ ಪ್ರತಿ ತೆಗೆದು, ಹಿಂದಿನವರು ಹೇಳಿದ್ದರಲ್ಲಿ ಯಾವುದು ನಡೆಯಿತು ಯಾವುದು ನಡೆಯಲಿಲ್ಲ ಎಂಬಲ್ಲಿಂದ ಶುರು ಮಾಡಲಿ. ಇದಕ್ಕೆ ವಿಶ್ವಬ್ಯಾಂಕಿನ ಸಾಲ ಬೇಡ, ಹೊಸ ಯೋಜನೆ ಬೇಡ. ಜೆರಾಕ್ಸಿನ ಖರ್ಚು ಮತ್ತು ಒಂದು ಸುತ್ತೋಲೆ ಸಾಕು. ಮುಂದಿನ ತಂಡ ಹಳ್ಳಿಗೆ ಹೊರಡುವ ಮುನ್ನ ಅದು ಹೊರಬೀಳಲಿ.